‘ಇಂಪಾಗಿದೆ’ ಎಂದಾದ ಮೇಲೆ ಇನ್ನೇನು ಬರೆಯಬೇಕು?

ಪ್ರಶ್ನೆ: ಕಾಲೇಜು ಪತ್ರಿಕೆಗೆ ಭಾವಗೀತೆಗಳ ಆಲ್ಬಂ ಒಂದರ ವಿಮರ್ಶೆ ಬರೆದುಕೊಡಲು ಹೇಳಿದ್ದಾರೆ. ನಾನು ಸಂಗೀತ ಕಲಿತವಳಲ್ಲ, ರಾಗ ಗುರುತು ಹಿಡಿಯಲು ಬಾರದು. ‘ಹಾಡುಗಳು ಇಂಪಾಗಿವೆ’ ಎಂದು ಬರೆದ ಮೇಲೆ ಮುಂದೇನೂ ತೋಚುತ್ತಿಲ್ಲ. ನನ್ನಂಥವರು ವಿಮರ್ಶೆ ಬರೆಯಬಹುದೇ? ಎಲ್ಲರೂ ಮೊಬೈಲಿನಲ್ಲಿ ಬಿಡಿ ಹಾಡು ಕೇಳುವಾಗ ಇಡೀ ಆಲ್ಬಂ ಬಗ್ಗೆ ಬರೆದದ್ದು ಯಾರಿಗೆ ಬೇಕು?
— ಓದುಗರೊಬ್ಬರು, ಹಾಸನ

ಉತ್ತರ: ಧಾರಾಳವಾಗಿ ಬರೆಯಿರಿ. ರಾಗದ ಹೆಸರು ಗೊತ್ತಿದ್ದರೆ ಅನುಕೂಲವೇ. ಆದರೆ ರಾಗಗಳ ಹೆಸರನ್ನು ಸಾಲಾಗಿ ಪೇರಿಸಿಟ್ಟು, ಓದುಗರಿಗೆ ಒಂದು ಹಾಡೂ ಕೇಳಿಸದಂತೆ ಬರೆದ ವಿಮರ್ಶೆಗಳಿಗೆ ನಮ್ಮಲ್ಲಿ ಕೊರತೆ ಇಲ್ಲ. ಇನ್ನು ‘ಸುಮಧುರ’, ‘ಮನಮೋಹಕ’, ‘ಕರ್ಣಾನಂದಕರ’ ಎಂಬ ಮಾತುಗಳನ್ನು ಇವತ್ತೇ ಮೂಲೆಗಿಡಿ. ಅವು ನಿಮ್ಮ ಆಲ್ಬಮ್ಮಿಗೂ ಸಲ್ಲುತ್ತವೆ, ಪಕ್ಕದ ಛತ್ರದ ಓಲಗಕ್ಕೂ ಸಲ್ಲುತ್ತವೆ.

ಹಾಡು ಕೇಳುತ್ತ ನೀವು ಕೇಳಿಕೊಳ್ಳಬೇಕಾದದ್ದು ಒಂದೇ: ಇದನ್ನು ಹೀಗೇ ಯಾಕೆ ಮಾಡಿದರು, ಬೇರೆ ಹೇಗೆ ಮಾಡಬಹುದಿತ್ತು? ಹಾಡು ಎಷ್ಟು ಹೊತ್ತು ಇರಬೇಕು, ಯಾವುದು ಮೊದಲು ಬರಬೇಕು, ಕಂಠ ಎಷ್ಟು ಹತ್ತಿರದಿಂದ ಕೇಳಿಸಬೇಕು, ಕೊಳಲು ಎಲ್ಲಿ ಬಾಯಿ ಮುಚ್ಚಿಕೊಂಡಿರಬೇಕು, ಇವೆಲ್ಲವನ್ನೂ ಯಾರೋ ಕೂತು ತೀರ್ಮಾನಿಸಿರುತ್ತಾರೆ. ಆ ತೀರ್ಮಾನಗಳನ್ನು ಪತ್ತೆಹಚ್ಚಿ, ಒಪ್ಪಿಗೆಯೋ ಇಲ್ಲವೋ ಹೇಳಿದರೆ ವಿಮರ್ಶೆಯಾಯಿತು. ಅದಕ್ಕೆ ಬೇಕಾದದ್ದು ಕಿವಿ ಮತ್ತು ತಾಳ್ಮೆ.

ಕೆಲವು ತೀರ್ಮಾನಗಳನ್ನು ಕಲಾವಿದರ ಬದಲು ಯಂತ್ರವೇ ಮಾಡಿರುತ್ತದೆ. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮಫೋನಿಗೆ ಹಾಡಿದಾಗ ತಟ್ಟೆ ಹಿಡಿಯುತ್ತಿದ್ದದ್ದು ಸುಮಾರು ಮೂರು ನಿಮಿಷದ ಗಾಯನ. ಮೈಕ್ ಆಗಿನ್ನೂ ಬಳಕೆಗೆ ಬಂದಿರಲಿಲ್ಲ. ದೊಡ್ಡ ಕಹಳೆಯ ಬಾಯಿಗೆ ಮುಖವೊಡ್ಡಿ ಗಟ್ಟಿಯಾಗಿ ಹಾಡಬೇಕಿತ್ತು. ಹಾಡು ಮುಗಿಯುತ್ತಿದ್ದಂತೆ ಅವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಸಾರುತ್ತಿದ್ದರು. ತಟ್ಟೆಗಳನ್ನು ಅಚ್ಚು ಹಾಕುತ್ತಿದ್ದದ್ದು ಜರ್ಮನಿಯಲ್ಲಿ. ಯಾರ ಹಾಡು ಯಾವುದು ಎಂದು ಅಲ್ಲಿನವರಿಗೆ ತಿಳಿಯಬೇಕಲ್ಲ! (ಮುಂದೆ ಇದೇ ಗೌಹರ್ ಜಾನ್ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದು, 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡರು.) ಆ ತಟ್ಟೆ ಕೇಳಿ ‘ವಿಸ್ತಾರ ಸಾಲದು’ ಎಂದು ಬರೆದರೆ ಅದು ವಿಮರ್ಶೆಯಲ್ಲ, ತಕರಾರು. ಗಂಟೆಗಟ್ಟಲೆ ಹಾಡಬಲ್ಲವರು ಮೂರು ನಿಮಿಷಕ್ಕೆ ಏನನ್ನು ಉಳಿಸಿಕೊಂಡರು, ಯಾವುದನ್ನು ಬಿಟ್ಟರು ಎಂಬುದನ್ನು ಅಲ್ಲಿ ಗಮನಿಸಬೇಕು.

ಇನ್ನು ಹಾಡುಗಳ ಕ್ರಮ. 1967ರಲ್ಲಿ ಎಚ್‌ಎಂವಿ ಹೊರತಂದ ‘ಕಾಲ್ ಆಫ್ ದಿ ವ್ಯಾಲಿ’ ಸಿಕ್ಕರೆ ಕೇಳಿ. ಸಂತೂರ್ ಶಿವಕುಮಾರ್ ಶರ್ಮ ಅವರದು, ಕೊಳಲು ಹರಿಪ್ರಸಾದ್ ಚೌರಾಸಿಯಾ, ಗಿಟಾರ್ ಬ್ರಿಜ್‌ಭೂಷಣ್ ಕಾಬ್ರಾ. ಕಾಶ್ಮೀರದ ಕಣಿವೆಯಲ್ಲಿ ಒಬ್ಬ ಕುರಿಗಾಹಿಯ ಒಂದು ದಿನ ಅದರ ವಸ್ತು. ಬೆಳಗಿನ ಅಹೀರ್ ಭೈರವದಿಂದ ಹೊರಟು, ಪೀಲು ದಾಟಿ, ಸಂಜೆಗೆ ಭೂಪ್, ರಾತ್ರಿಗೆ ದೇಸ್, ಕೊನೆಗೆ ಪಹಾಡಿ. ರಾಗಕ್ಕೊಂದು ಹೊತ್ತು ಎಂಬ ನಮ್ಮ ಹಳೆಯ ಪದ್ಧತಿಯನ್ನೇ ಕಥೆಯ ದಾರವಾಗಿ ಬಳಸಿದ್ದಾರೆ. ಇದನ್ನು ಮೊಬೈಲಿನಲ್ಲಿ ಹಿಂದುಮುಂದಾಗಿ ಹಾಕಿದರೆ ಒಳ್ಳೆಯ ಐದು ತುಣುಕು ಸಿಗುತ್ತವೆ, ಆ ದಿನ ಸಿಗುವುದಿಲ್ಲ. ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಕ್ರಮಕ್ಕೆ ಬೆಲೆ ಇರುವ ಆಲ್ಬಮ್ಮಿಗೆ ಇಡಿಯಾಗಿ ಕೇಳಿ ಬರೆಯುವವರು ಬೇಕು. ಕ್ರಮ ಹೇಗಿದ್ದರೂ ನಡೆಯುತ್ತದೆ ಎನಿಸಿದರೆ ಅದನ್ನೂ ಒಂದು ಸಾಲಿನಲ್ಲಿ ಬರೆಯಿರಿ, ತಪ್ಪೇನಿಲ್ಲ. ನಮ್ಮ ಭಾವಗೀತೆಗಳ ಆಲ್ಬಮ್ಮುಗಳಲ್ಲಿ ಎಂಟು ಹತ್ತು ಹಾಡುಗಳನ್ನು ಸುಮ್ಮನೆ ಒಟ್ಟುಮಾಡಿದವೇ ಹೆಚ್ಚು.

ಭಾವಗೀತೆಗೆ ಬರೋಣ, ಏಕೆಂದರೆ ಅಲ್ಲಿ ನಿಮಗೆ ರಾಗಜ್ಞಾನಕ್ಕಿಂತ ಕನ್ನಡ ಜ್ಞಾನ ಒದಗಿಬರುತ್ತದೆ. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಬಂತು. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಅದು. ಆಮೇಲೆ ಕವಿತೆ ಎಂಬುದು ಪುಸ್ತಕ ಕೊಳ್ಳದ ಮನೆಗಳಿಗೂ ಹೋಯಿತು. ಲಾಭ ಸಣ್ಣದಲ್ಲ. ಜೊತೆಗೆ ಒಂದು ತೊಡಕೂ ಬಂತು.

ಹಾಡೆಂದರೆ ಪಲ್ಲವಿ ಇರಬೇಕು, ಪ್ರತಿ ಚರಣ ಮುಗಿದ ಮೇಲೆ ಪಲ್ಲವಿಗೆ ಮರಳಬೇಕು ಎಂಬುದು ರೂಢಿ. ದಾಸರ ಪದಕ್ಕೆ ಇದು ಸರಿ, ಅದನ್ನು ಕಟ್ಟಿದ್ದೇ ಹಾಗೆ. ಓದಲೆಂದು ಬರೆದ ಕವಿತೆ ಹಾಗಿರಬೇಕಿಲ್ಲ. ಒಂದು ಕವಿತೆಯನ್ನು ಊಹಿಸಿಕೊಳ್ಳಿ: ಮೊದಲ ಪದ್ಯದಲ್ಲಿ ಹುಡುಗಿ ತವರಿನ ಹಿತ್ತಲಲ್ಲಿದ್ದಾಳೆ, ಮೂರನೆಯದರಲ್ಲಿ ಗಾಡಿ ಹತ್ತಿದ್ದಾಳೆ, ಐದನೆಯದರಲ್ಲಿ ಗಂಡನ ಮನೆಯ ಹೊಸ್ತಿಲಿಗೆ ಬಂದು ನಿಂತಿದ್ದಾಳೆ. ಅಷ್ಟು ದೂರ ಬಂದವಳನ್ನು ಪಲ್ಲವಿ ಪ್ರತಿ ಸಲವೂ ಹಿತ್ತಲಿಗೇ ಎಳೆದೊಯ್ಯುತ್ತದೆ. ಕವಿ ಮುಂದಕ್ಕೆ ನಡೆಸಿದರೆ ಗಾಯಕ ಹಿಂದಕ್ಕೆ ಕರೆಯುತ್ತಾನೆ. ಎಚ್ಚರವುಳ್ಳ ಸಂಯೋಜಕರು ಪಲ್ಲವಿಯ ಅರ್ಧ ಸಾಲಷ್ಟೇ ಹಾಡಿಸುತ್ತಾರೆ, ಕೊನೆಯ ಚರಣದ ಮಟ್ಟು ಬದಲಿಸುತ್ತಾರೆ, ಕೆಲವೊಮ್ಮೆ ಮರಳುವುದನ್ನೇ ಕೈಬಿಡುತ್ತಾರೆ. ನಿಮ್ಮ ಆಲ್ಬಮ್ಮಿನಲ್ಲಿ ಏನು ಮಾಡಿದ್ದಾರೆ, ನೋಡಿ. ಕವಿತೆಯ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಕೇಳಿದರೆ ಯಾವ ಪದ್ಯ ಬಿಟ್ಟುಹೋಗಿದೆ ಎಂಬುದೂ ಗೊತ್ತಾಗುತ್ತದೆ. ಬಿಟ್ಟದ್ದು ಉದ್ದವಾಯಿತೆಂದೋ, ಧಾಟಿಗೆ ಕೂರಲಿಲ್ಲವೆಂದೋ, ಅರ್ಥ ಕಟುವಾಯಿತೆಂದೋ? ಅರ್ಧ ಪುಟ ಬರೆಯಲು ಇದೊಂದೇ ಸಾಕು.

ಹ್ರಸ್ವ ದೀರ್ಘಗಳ ಕಡೆಗೂ ಕಿವಿಯಿರಲಿ. ತಾಳ ತುಂಬಿಸುವ ಭರದಲ್ಲಿ ಹ್ರಸ್ವವನ್ನು ಎಳೆದರೆ ಕನ್ನಡ ಕ್ಷಮಿಸುವುದಿಲ್ಲ. ಕೈತುಂಬ ಬಳೆ ತೊಟ್ಟವಳು ಕೈತುಂಬ ಬಾಳೆ ತೊಟ್ಟವಳಾಗುತ್ತಾಳೆ. ನಗು ಬರುತ್ತದೆ, ಆದರೆ ಹೆಸರಾಂತ ಕಂಠಗಳಲ್ಲೂ ಇಂಥದ್ದು ಕೇಳುತ್ತೇವೆ. ಯಾವ ಸಾಲು, ಯಾವ ಅಕ್ಷರ ಎಂದು ಬೊಟ್ಟಿಟ್ಟು ತೋರಿಸಿ. ‘ಉಚ್ಚಾರ ದೋಷವಿದೆ’ ಎಂದು ಬರೆದು ಕೈತೊಳೆದುಕೊಳ್ಳಬೇಡಿ.

ಅಭ್ಯಾಸಕ್ಕೆ ಒಂದು ದಾರಿ ಹೇಳುತ್ತೇನೆ. ಒಂದೇ ಕವಿತೆಗೆ ಇಬ್ಬರು ಹಾಕಿದ ಎರಡು ಧಾಟಿಗಳನ್ನು ಒಂದರ ಹಿಂದೆ ಒಂದು ಕೇಳಿ. ನಮ್ಮ ನಾಡಗೀತೆಗಿಂತ ಒಳ್ಳೆಯ ಉದಾಹರಣೆ ಬೇಕೇ? ಕುವೆಂಪು ಅವರ ಆ ರಚನೆ 2004ರಲ್ಲಿ ನಾಡಗೀತೆಯಾಯಿತು. ಮೈಸೂರು ಅನಂತಸ್ವಾಮಿಯವರ ಧಾಟಿಯೋ, ಸಿ. ಅಶ್ವತ್ಥ್ ಅವರ ಧಾಟಿಯೋ ಎಂಬ ಚರ್ಚೆ ವರ್ಷಗಟ್ಟಲೆ ನಡೆಯಿತು. 2022ರ ಸೆಪ್ಟೆಂಬರಿನಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿಯನ್ನು ಒಪ್ಪಿ, ಆಲಾಪವಾಗಲಿ ಪುನರಾವರ್ತನೆಯಾಗಲಿ ಇಲ್ಲದೆ 2 ನಿಮಿಷ 30 ಸೆಕೆಂಡುಗಳಲ್ಲಿ ಹಾಡಬೇಕೆಂದು ಆದೇಶಿಸಿತು. ವಿಷಯ ಹೈಕೋರ್ಟಿಗೂ ಹೋಯಿತು. ಒಂದು ಹಾಡಿನ ಧಾಟಿ, ಅವಧಿ, ಪುನರಾವರ್ತನೆ ಇವನ್ನು ಇಡೀ ರಾಜ್ಯ ಕೂತು ಚರ್ಚಿಸಿತು ಎಂದರೆ ನೀವು ಕಾಲೇಜು ಪತ್ರಿಕೆಯಲ್ಲಿ ಚರ್ಚಿಸಲು ಹಿಂಜರಿಯಬೇಕಿಲ್ಲ. ಎರಡನ್ನೂ ಕೇಳಿ, ಶಾಲೆಯ ಮಕ್ಕಳು ಬಯಲಲ್ಲಿ ನಿಂತು ಹಾಡಲು ಯಾವುದು ಹೊಂದುತ್ತದೆ, ವೇದಿಕೆಯಲ್ಲಿ ಒಬ್ಬರೇ ಹಾಡಲು ಯಾವುದು ಎಂದು ಬರೆಯಿರಿ. ಎರಡಕ್ಕೂ ಒಂದೇ ಉತ್ತರ ಬರಬೇಕೆಂದಿಲ್ಲ.

ಕಾಲೇಜು ಪತ್ರಿಕೆಯಲ್ಲಿ ಸ್ವಲ್ಪ ದೊಡ್ಡ ಮಾತಿಗೂ ಜಾಗ ಸಿಗುವುದರಿಂದ ಇದನ್ನೂ ಹೇಳಿಬಿಡುತ್ತೇನೆ. ಶಿಶುನಾಳ ಷರೀಫರ ತತ್ವಪದಗಳನ್ನು ಅಶ್ವತ್ಥ್ ತಮ್ಮ ಏರುಕಂಠದಲ್ಲಿ, ದೊಡ್ಡ ವಾದ್ಯಮೇಳದೊಂದಿಗೆ ಹಾಡಿ ಊರೂರಿಗೆ ತಲುಪಿಸಿದರು. ಅದಕ್ಕೂ ಮೊದಲು, ಈಗಲೂ ಕೂಡ, ಧಾರವಾಡ ಹಾವೇರಿ ಕಡೆ ಭಜನೆಯವರು ಏಕತಾರಿ, ದಮ್ಮಡಿ ಹಿಡಿದು ಕೂತು ಇವೇ ಪದಗಳನ್ನು ಹಾಡುತ್ತಾರೆ. ಒಬ್ಬ ಎತ್ತುತ್ತಾನೆ, ಉಳಿದವರು ಹಿಡಿಯುತ್ತಾರೆ. ಅಲ್ಲಿ ಕೇಳುವವರೂ ಹಾಡುವವರೇ. ಧ್ವನಿಸುರುಳಿಯಲ್ಲಿ ಕೇಳುವವರು ಕೇಳುವವರಾಗಿಯೇ ಉಳಿಯುತ್ತಾರೆ. ಪದ ಸಾವಿರಾರು ಮನೆ ಸೇರಿತು, ಆದರೆ ‘ಹಿಡಿಯುವ’ ಕೆಲಸವನ್ನು ಕೂಲಿಯ ಕೋರಸ್ ವಹಿಸಿಕೊಂಡಿತು. ಇದು ನಷ್ಟವೇ ಎಂದು ಕೇಳಿದರೆ, ಹೌದು ಎನ್ನುವವನು ನಾನು. ಹಾಗೆಂದು ಅಶ್ವತ್ಥ್ ಹಾಡದೇ ಇದ್ದಿದ್ದರೆ ಹಳೇ ಮೈಸೂರಿನ ಎಷ್ಟೋ ಮಂದಿಗೆ ಷರೀಫರ ಹೆಸರೂ ಕಿವಿಗೆ ಬೀಳುತ್ತಿರಲಿಲ್ಲ. ಇಂಥ ಮಾತು ನಿಮ್ಮ ಆಲ್ಬಮ್ಮಿನಿಂದ ತಾನಾಗಿ ಹುಟ್ಟಿದರೆ ಬರೆಯಿರಿ. ಸಂಗೀತ ದೈವದತ್ತ ಎಂದು ಮೇಲಿನಿಂದ ಶುರುಮಾಡಬೇಡಿ.

ಅಂಕ, ನಕ್ಷತ್ರ ಕೊಡಿ ಎಂದು ಸಂಪಾದಕರು ಕೇಳಿದರೆ ನಯವಾಗಿ ನಿರಾಕರಿಸಿ. ಅಮೆರಿಕದ ‘ರೋಲಿಂಗ್ ಸ್ಟೋನ್’ ಪತ್ರಿಕೆ 1969ರಲ್ಲಿ ಲೆಡ್ ಜೆಪ್ಲಿನ್ ತಂಡದ ಮೊದಲ ಆಲ್ಬಂ ಅನ್ನು ಹಳಿದು, 2003ರಲ್ಲಿ ತನ್ನದೇ ಸಾರ್ವಕಾಲಿಕ ಶ್ರೇಷ್ಠ ಆಲ್ಬಮ್ಮುಗಳ ಪಟ್ಟಿಯಲ್ಲಿ ಅದನ್ನು ಸೇರಿಸಿಕೊಂಡಿತು. ಅಭಿಪ್ರಾಯ ಬದಲಾಗಬಹುದು, ಅದರಲ್ಲಿ ನಾಚಿಕೆಯೇನೂ ಇಲ್ಲ. ಕಾರಣ ಬರೆದಿದ್ದರೆ ಮುಂದಿನವರು ಅದರೊಂದಿಗೆ ಜಗಳವಾದರೂ ಆಡಬಹುದು, ಬರೀ ಅಂಕದೊಂದಿಗೆ ಅದೂ ಸಾಧ್ಯವಿಲ್ಲ.

ಕೊನೆಗೊಂದು ಕೋರಿಕೆ. ಕ್ಯಾಸೆಟ್ ಕಾಲದಲ್ಲಿ ಡಬ್ಬಿಯೊಳಗಿನ ಮಡಿಸಿದ ಕಾಗದದಲ್ಲಿ ತಬಲಾ ಯಾರು, ಕೊಳಲು ಯಾರು, ಧ್ವನಿಮುದ್ರಣ ಯಾರು ಎಂದು ಅಚ್ಚಾಗಿರುತ್ತಿತ್ತು. ಮೊಬೈಲಿನಲ್ಲಿ ಹೆಚ್ಚಿನ ಸಲ ಗಾಯಕರ ಹೆಸರಷ್ಟೇ ಕಾಣುತ್ತದೆ, ಕವಿಯ ಹೆಸರೂ ಇರುವುದಿಲ್ಲ. ಮೇಲೆ ಹೇಳಿದ ‘ಕಾಲ್ ಆಫ್ ದಿ ವ್ಯಾಲಿ’ಯ ತಬಲಾ ಮಾಣಿಕರಾವ್ ಪೋಪಟ್ಕರ್ ಅವರದು, ಆ ಆಲ್ಬಂ ಹೊಗಳುವವರಲ್ಲಿ ಎಷ್ಟು ಜನ ಆ ಹೆಸರು ಹೇಳುತ್ತಾರೆ? ನಿಮ್ಮ ವಿಮರ್ಶೆಯಲ್ಲಿ ಕವಿ, ಸಂಯೋಜಕರು, ವಾದ್ಯದವರು, ಮುದ್ರಿಸಿದವರು ಎಲ್ಲರ ಹೆಸರನ್ನೂ ಹುಡುಕಿ ಹಾಕಿ. ಸಿಗದಿದ್ದರೆ ಆಲ್ಬಂ ತಂದವರಿಗೆ ಪತ್ರ ಬರೆದು ಕೇಳಿ.