ಸ್ಕಿನ್ ಡಾಕ್ಟರಾಗಲು ಅಡಿಕೆ ತೋಟ ಮಾರಬೇಕೆ?

ಪ್ರಶ್ನೆ: ಎಂಬಿಬಿಎಸ್ ಮುಗಿಸಿ ಎರಡು ವರ್ಷವಾಯಿತು. ಚರ್ಮರೋಗ ವಿಭಾಗದಲ್ಲೇ ಎಂ.ಡಿ. ಮಾಡಬೇಕೆಂಬ ಆಸೆ. ನೀಟ್ ಪಿಜಿ ಎರಡು ಸಲ ಬರೆದೆ. ಬೇರೆ ವಿಭಾಗ ಸಿಗುವಷ್ಟು ರ‍್ಯಾಂಕ್ ಬಂತು, ಇದು ಮಾತ್ರ ಸಿಗಲಿಲ್ಲ. ಅಪ್ಪ ಅಡಿಕೆ ತೋಟ ಮಾರಿಯಾದರೂ ಮ್ಯಾನೇಜ್‌ಮೆಂಟ್ ಸೀಟು ಕೊಡಿಸುತ್ತೇನೆ ಅನ್ನುತ್ತಾರೆ. ಗೆಳತಿಯೊಬ್ಬಳು ಮೂರು ತಿಂಗಳ ಕಾಸ್ಮೆಟಾಲಜಿ ಕೋರ್ಸು ಮಾಡಿ ಆಗಲೇ ಕ್ಲಿನಿಕ್ ಇಟ್ಟಿದ್ದಾಳೆ. ಮನೆಯಲ್ಲಿ ಮದುವೆ ಮಾತೂ ಎದ್ದಿದೆ. ಏನು ಮಾಡಲಿ?
– ಹೆಸರು ಬೇಡ, ಚನ್ನಗಿರಿ

ಉತ್ತರ: ತೋಟ ಮಾರಬೇಡಿ. ಓದು ಮುಗಿಯಲು ಮೂರು ವರ್ಷ ಬೇಕು. ಆಮೇಲೆ ಕ್ಲಿನಿಕ್ಕಿಗೆ ಜಾಗ, ಲೇಸರ್ ಯಂತ್ರ ಎಂದು ಮತ್ತೆ ದುಡ್ಡು ಬೇಕು. ಹಾಕಿದ ಹಣ ಬೇಗ ವಾಪಸು ಬರಲಿ ಎಂದು ಕಾಯುವ ಡಾಕ್ಟರಿಗೆ ಕಾಲೇಜು ಹುಡುಗಿಯ ನಾಲ್ಕು ಮೊಡವೆಯಲ್ಲೂ ಪ್ಯಾಕೇಜೇ ಕಾಣುತ್ತದೆ. ನೀವು ಅಂಥವರಾಗುವುದು ನಿಮ್ಮಪ್ಪನಿಗೂ ಬೇಕಿಲ್ಲ.

ನಿಮ್ಮ ಪತ್ರದಲ್ಲಿ ಸೀಟು, ರ‍್ಯಾಂಕ್, ಕ್ಲಿನಿಕ್ ಎಲ್ಲ ಇವೆ. ಒಬ್ಬ ರೋಗಿಯೂ ಇಲ್ಲ. ಹಾಗಾಗಿ ಕೇಳುತ್ತೇನೆ: ನಿಮಗೆ ಬೇಕಾದದ್ದು ಚರ್ಮರೋಗವೋ, ನೈಟ್ ಡ್ಯೂಟಿ ಇಲ್ಲದ ಬ್ರಾಂಚೋ? ಎರಡನೆಯದಾದರೆ ನಿರಾಸೆ ಖಂಡಿತ. ಈ ಎಂ.ಡಿ.ಯಲ್ಲಿ ಚರ್ಮದ ಜೊತೆಗೆ ಲೈಂಗಿಕ ರೋಗ, ಕುಷ್ಠರೋಗ ಎರಡೂ ಸೇರಿವೆ. ಮೈತುಂಬ ಗುಳ್ಳೆಯೆದ್ದು ಒಡೆಯುವ ಪೆಂಫಿಗಸ್ ರೋಗಿ, ಯಾವುದೋ ಮಾತ್ರೆ ಒಗ್ಗದೆ ಸುಟ್ಟ ಗಾಯದಂತೆ ಚರ್ಮ ಕಳಚಿಕೊಂಡು ಬಂದವರು ವಾರ್ಡಿನಲ್ಲಿರುತ್ತಾರೆ. ಅವರ ಪಕ್ಕ ರಾತ್ರಿ ನಿಲ್ಲಬೇಕಾದವರು ರೆಸಿಡೆಂಟುಗಳೇ. ಕುಷ್ಠ ಹಳೆಯ ಕಾಲದ ಕಾಯಿಲೆ ಎಂದೂ ತಿಳಿಯಬೇಡಿ. 2005ರಲ್ಲಿ ದೇಶದ ಮಟ್ಟದಲ್ಲಿ ಹತ್ತು ಸಾವಿರಕ್ಕೆ ಒಂದಕ್ಕಿಂತ ಕಡಿಮೆಯಾಯಿತು ನಿಜ, ಆದರೆ ಜಗತ್ತಿನಲ್ಲಿ ಹೊಸದಾಗಿ ಪತ್ತೆಯಾಗುವ ಪ್ರಕರಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇವತ್ತಿಗೂ ನಮ್ಮ ದೇಶದವೇ. ರೋಗಿಗೆ ಕಣ್ಣು ಮುಚ್ಚಿಸಿ, ಬಿಳಿಚಿದ ಮಚ್ಚೆಯ ಮೇಲೆ ಹತ್ತಿಯ ಎಳೆ ಸೋಕಿಸಿ, ಮೊಣಕೈ ಹಿಂದಿನ ನರ ದಪ್ಪವಾಗಿದೆಯೇ ಎಂದು ಬೆರಳಲ್ಲಿ ಹುಡುಕುವುದನ್ನು ಯಾವ ಯಂತ್ರವೂ ನಿಮಗಾಗಿ ಮಾಡುವುದಿಲ್ಲ.

ಗೆಳತಿಯ ದಾರಿಯ ಬಗ್ಗೆ ಖಡಾಖಂಡಿತವಾಗಿ ಹೇಳುತ್ತೇನೆ: ಮೂರು ತಿಂಗಳ ಸರ್ಟಿಫಿಕೇಟಿನಿಂದ ಯಾರೂ ಚರ್ಮರೋಗ ತಜ್ಞರಾಗುವುದಿಲ್ಲ. ಕೂದಲು ಕಸಿ ಮತ್ತು ಸೌಂದರ್ಯ ಚಿಕಿತ್ಸೆ ಕುರಿತು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಮಾರ್ಗಸೂಚಿ ಹೊರಡಿಸಿತು. ಕಾರ್ಯಾಗಾರದಲ್ಲೋ ಯೂಟ್ಯೂಬಿನಲ್ಲೋ ನೋಡಿ ಕಲಿತದ್ದು ಇದಕ್ಕೆ ಸಾಲದು ಎಂದು ಅದರಲ್ಲಿ ಬಿಡಿಸಿಯೇ ಹೇಳಿದೆ. ಕ್ಲಿನಿಕ್ಕಿಗೆ ಬರುವವರೆಲ್ಲ ಬೊಟಾಕ್ಸಿಗೇ ಬರುವುದಿಲ್ಲ. ಮೆಡಿಕಲ್ ಶಾಪಿನಲ್ಲಿ ಸ್ಟಿರಾಯ್ಡ್ ಬೆರೆತ ಕ್ರೀಮು ಕೊಂಡು ತಿಂಗಳುಗಟ್ಟಲೆ ಹಚ್ಚಿ, ಗುರುತೇ ಸಿಗದಂತಾದ ಹುಳುಕಡ್ಡಿ ಹೊತ್ತು ಬರುವವರೇ ಬಹಳ. ಅಂಚಿನ ಹೊಟ್ಟನ್ನು ಬ್ಲೇಡಿನಲ್ಲಿ ಮೆಲ್ಲಗೆ ಕೆರೆದು ಸ್ಲೈಡಿಗೆ ಹಾಕಿ, ಒಂದು ಹನಿ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಬಿಟ್ಟು, ಸ್ವಲ್ಪ ಹೊತ್ತು ಕಾದು ಮೈಕ್ರೋಸ್ಕೋಪಿನಲ್ಲಿ ಶಿಲೀಂಧ್ರದ ಎಳೆ ಹುಡುಕಬೇಕು. ಖರ್ಚಿಲ್ಲದ ಪರೀಕ್ಷೆ ಇದು; ಕಣ್ಣು ಪಳಗಲು ಮಾತ್ರ ನೂರಾರು ಸ್ಲೈಡು ಬೇಕು.

ಹಾಗಾದರೆ ಮುಂದೇನು? ಹತ್ತಿರದ ಮೆಡಿಕಲ್ ಕಾಲೇಜಿನ ವಿಭಾಗ ಮುಖ್ಯಸ್ಥರ ಅನುಮತಿ ಕೇಳಿ ಎರಡು ವಾರ ಸ್ಕಿನ್ ಓಪಿಡಿಯಲ್ಲಿ ಕುಳಿತುಕೊಳ್ಳಿ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ತುರಿಕೆ, ಕಜ್ಜಿ, ತೊನ್ನು, ಸೋರಿಯಾಸಿಸ್ ನೋಡಿದ ಮೇಲೂ ಆಸೆ ಉಳಿದಿದ್ದರೆ ಅದು ನಿಜವಾದ ಆಸೆ. ಆಗ ಇನ್ನೊಂದು ಸಲ ಬರೆಯಿರಿ, ಆದರೆ ಮನೆಯಲ್ಲಿ ಕೂತು ಬೇಡ. ಮೆಡಿಕಲ್ ಆಫೀಸರ್ ಕೆಲಸ ಹಿಡಿದು ಓದಿ. ನೀಟ್ ಪಿಜಿ ಎಷ್ಟು ಸಲ ಬೇಕಾದರೂ ಬರೆಯಬಹುದು, ಅದೇ ಅದರ ಅಪಾಯ. ಇದೇ ಕೊನೆ ಎಂದು ಮೊದಲೇ ಗೆರೆ ಎಳೆದುಕೊಳ್ಳಿ. ಕೌನ್ಸೆಲಿಂಗ್‌ನಲ್ಲಿ ಕರ್ನಾಟಕದಾಚೆಯ ಸರ್ಕಾರಿ ಕಾಲೇಜುಗಳನ್ನೂ ಡಿಎನ್‌ಬಿ ಸೀಟುಗಳನ್ನೂ ಬಿಡದೆ ತುಂಬಿಸಿ. ಡಿಎನ್‌ಬಿಯೂ ಮೂರು ವರ್ಷದ್ದೇ, ಎಂ.ಡಿ.ಗೆ ಸಮಾನ, ಶುಲ್ಕವೋ ಮ್ಯಾನೇಜ್‌ಮೆಂಟ್ ಸೀಟಿನ ಮುಂದೆ ಏನೇನೂ ಅಲ್ಲ. ಪಾಸಾಗುವುದು ಕಷ್ಟ ಎಂಬ ಮಾತಿದೆ. ಓದುವವರಿಗೆ ಅದೇನೂ ದೊಡ್ಡದಲ್ಲ.

ಆಗಲೂ ಸಿಗದಿದ್ದರೆ ಪೆಥಾಲಜಿ ಎಂ.ಡಿ.ಯನ್ನು ಕೀಳಾಗಿ ಕಾಣಬೇಡಿ. ಚರ್ಮದ ಬಯಾಪ್ಸಿ ಓದಿ ರೋಗ ಹೇಳುವ ಡರ್ಮಟೊಪೆಥಾಲಜಿಗೆ ಅಲ್ಲಿಂದಲೂ ದಾರಿ ಇದೆ.

ಇನ್ನು ಮದುವೆ. ಪಿಜಿ ಓದುವುದಿದೆ, ಮೂರು ವರ್ಷ ಬೇರೆ ಊರಲ್ಲಿರಬೇಕಾಗಬಹುದು ಎಂದು ಗಂಡಿನ ಕಡೆಯವರಿಗೆ ಮೊದಲ ಭೇಟಿಯಲ್ಲೇ ಹೇಳಿಬಿಡಿ. ಒಪ್ಪಿದರೆ ಸಂತೋಷ. ಒಪ್ಪದಿದ್ದರೆ ಬೇರೆ ಸಂಬಂಧ ನೋಡಿದರಾಯಿತು.