ರಿಮೋಟ್‌ನಲ್ಲಿ ಆಫ್ ಆದ ಫ್ಯಾನು: ಹತ್ತನೇ ತರಗತಿಯ ಒಂದು ಪಾಠಾನುಭವ

ಹತ್ತನೇ ತರಗತಿಯಲ್ಲಿ ವಿದ್ಯುತ್ ಸಾಮರ್ಥ್ಯ ನನ್ನ ಅಭ್ಯಾಸ ಬೋಧನೆಯ ಪಾಠವಾಗಿತ್ತು. ಪಾಠ ಯೋಜನೆಯಲ್ಲಿ ಬಲ್ಬಿನ ಉದಾಹರಣೆ ಬರೆದಿದ್ದೆ. ಆದರೆ ತರಗತಿಯ ಎರಡು ಫ್ಯಾನುಗಳಲ್ಲಿ ಒಂದು ಹಳೆಯದು, ಇನ್ನೊಂದು ದಾನಿಗಳು ಕೊಟ್ಟ, ರಿಮೋಟ್ ಇರುವ ಬಿಎಲ್‌ಡಿಸಿ ಫ್ಯಾನು. ಕಣ್ಣೆದುರೇ ಹೋಲಿಕೆ ಇರುವಾಗ ಬಲ್ಬು ಯಾಕೆಂದು ಅದನ್ನು ಕೈಬಿಟ್ಟೆ.

ಪೀಠಿಕೆಗೆಂದು ರಿಮೋಟ್ ಒತ್ತಿದೆ. ಫ್ಯಾನು ಸ್ವಲ್ಪ ಅಲುಗಿ ನಿಂತಿತು. ಮಕ್ಕಳು ನಕ್ಕರು. “ಸೆಲ್ ಹೋಗಿರ್ಬೇಕು ಮಿಸ್” ಎಂದಳು ಒಬ್ಬಳು. ಹೌದೋ ಅಲ್ಲವೋ ಎಂದು ತಿಳಿಯಲು ಮೊಬೈಲ್ ಕ್ಯಾಮೆರಾದ ಮುಂದೆ ರಿಮೋಟ್ ಹಿಡಿದು ಒತ್ತಿದೆವು. ಹಿಂದಿನ ಕ್ಯಾಮೆರಾದಲ್ಲಿ ಏನೂ ಕಾಣಲಿಲ್ಲ. ಸೆಲ್ಫಿ ಕ್ಯಾಮೆರಾದಲ್ಲಿ ನೇರಳೆ ಬಣ್ಣದ ಬೆಳಕು ಮಿನುಗಿತು. ಅನೇಕ ಫೋನುಗಳ ಹಿಂದಿನ ಕ್ಯಾಮೆರಾದಲ್ಲಿ ಅವಕೆಂಪು ಕಿರಣವನ್ನು ತಡೆಯುವ ಶೋಧಕ ಬಲವಾಗಿರುತ್ತದೆ. (ರೇಡಿಯೊ ತರಂಗದ ರಿಮೋಟ್‌ಗೆ ಈ ಪರೀಕ್ಷೆ ನಡೆಯದು.) ರಿಮೋಟ್ ಸರಿಯಿದೆ, ಹಾಗಾದರೆ ದೋಷ ಎಲ್ಲಿ?

ಉತ್ತರ ಕೊಟ್ಟವನು ಕೊನೆಯ ಬೆಂಚಿನ ಹುಡುಗ. “ಮಿಸ್, ಗೋಡೆ ರೆಗ್ಯುಲೇಟರ್ 2ರಲ್ಲಿದೆ. ನಮ್ಮನೇಲಿ 5ರಲ್ಲೇ ಇಡ್ಬೇಕು ಅಂತಾರೆ.” 5ಕ್ಕೆ ತಿರುಗಿಸಿದೊಡನೆ ಫ್ಯಾನು ಓಡಿತು. ಹಳೆಯ ಫ್ಯಾನಿನ ಇಂಡಕ್ಷನ್ ಮೋಟಾರಿಗೆ ರೆಗ್ಯುಲೇಟರ್ ವೋಲ್ಟೇಜ್ ತಗ್ಗಿಸಿ ವೇಗ ಇಳಿಸುತ್ತದೆ. ಬಿಎಲ್‌ಡಿಸಿ ಫ್ಯಾನಿನೊಳಗೆ ಎಸಿಯನ್ನು ಡಿಸಿಯಾಗಿಸಿ, ಸುರುಳಿಗಳಿಗೆ ಸರದಿಯಂತೆ ವಿದ್ಯುತ್ ಹಾಯಿಸುವ ಮಂಡಲವಿದೆ. ವೇಗ ನಿರ್ಧರಿಸುವುದು ಅದೇ. ಅದಕ್ಕೆ ಪೂರ್ತಿ ವೋಲ್ಟೇಜ್ ಬೇಕು. 5ರಲ್ಲಿಡುವುದು ತಾತ್ಕಾಲಿಕ, ಎಲೆಕ್ಟ್ರಿಷಿಯನ್ ಕೈಲಿ ರೆಗ್ಯುಲೇಟರ್ ತಪ್ಪಿಸಿ ಸ್ವಿಚ್ಚಿಗೆ ನೇರ ಜೋಡಿಸುವುದೇ ಸರಿ. ನನ್ನ ಪಾಠ ಯೋಜನೆಯಲ್ಲಿ ಇದೊಂದೂ ಇರಲಿಲ್ಲ.

ಲೆಕ್ಕ ಸಲೀಸಾಗಿ ನಡೆಯಿತು. ಹಳೆಯದು 75 ವ್ಯಾಟ್, ಹೊಸದು 28 ವ್ಯಾಟ್. ದಿನಕ್ಕೆ 10 ಗಂಟೆಯಂತೆ 30 ದಿನಕ್ಕೆ 22.5 ಯೂನಿಟ್, 8.4 ಯೂನಿಟ್. ಉಳಿತಾಯ 14.1 ಯೂನಿಟ್.

ತಪ್ಪಿದ್ದು ನಿರ್ವಹಣೆಯ ಭಾಗದಲ್ಲಿ. ರೆಕ್ಕೆಯ ಧೂಳು ಗಾಳಿ ಕಡಿಮೆ ಮಾಡುತ್ತದೆ, ಒರೆಸುವಾಗ ರೆಕ್ಕೆ ಬಾಗಿದರೆ ಫ್ಯಾನು ನಡುಗುತ್ತದೆ ಎಂದೆಲ್ಲ ಹೇಳಿ, “ರಿಮೋಟ್‌ನಲ್ಲಿ ಆಫ್ ಮಾಡಿ ಒರೆಸಿ” ಎಂದುಬಿಟ್ಟೆ. ವೀಕ್ಷಣೆಗೆ ಕುಳಿತ ಮಾರ್ಗದರ್ಶಿ ಶಿಕ್ಷಕರು ಪಾಠದ ಮಧ್ಯೆ ಮಾತಾಡುವವರಲ್ಲ. ಅಂದು ಎದ್ದು ನಿಂತು, “ಆಫ್ ಆದ ಫ್ಯಾನು ಮತ್ತೆ ಆನ್ ಎಂಬ ಆಜ್ಞೆಯನ್ನು ಹೇಗೆ ಕೇಳಿಸಿಕೊಳ್ಳುತ್ತದೆ?” ಎಂದು ಮಕ್ಕಳನ್ನೇ ಕೇಳಿದರು.

ಒಳಗಿನ ಮಂಡಲ ಎಚ್ಚರವಾಗಿರಬೇಕು, ಅಂದರೆ ಅಲ್ಲಿಯವರೆಗೆ ವಿದ್ಯುತ್ ಇದ್ದೇ ಇದೆ. ಮೋಟಾರು ಮಾತ್ರ ನಿಂತಿದೆ. ಕೆಳಗೆ ಯಾರೋ ಗುಂಡಿ ಒತ್ತಿದರೆ ರೆಕ್ಕೆ ತಿರುಗುತ್ತದೆ. ನಾನು ಮಕ್ಕಳೆದುರೇ ಹೇಳಿಕೆ ತಿದ್ದಿದೆ: ಮೊದಲು ಗೋಡೆಯ ಸ್ವಿಚ್, ಸಾಧ್ಯವಾದರೆ ಎಂಸಿಬಿಯೂ ಆಫ್, ರೆಕ್ಕೆ ಪೂರ್ತಿ ನಿಂತ ಮೇಲೆ, ಅಲುಗದ ಏಣಿಯ ಮೇಲೆ, ಹಿರಿಯರು, ಹಿಂಡಿದ ಬಟ್ಟೆಯಿಂದ.

‘ಬಿ’ ವಿಭಾಗದಲ್ಲಿ ಅದೇ ಪಾಠವನ್ನು ಆ ಪ್ರಶ್ನೆಯಿಂದಲೇ ಆರಂಭಿಸಿದೆ. ಹತ್ತು ನಿಮಿಷ ಅದಕ್ಕೇ ಹೋಯಿತು, ಲೆಕ್ಕವನ್ನು ಮನೆಗೆಲಸಕ್ಕೆ ಕೊಟ್ಟೆ.