ಎಲ್ಲರೂ ಸರಿಯಿದ್ದಾಗ ಹತ್ತುವ ಜಗಳ

ಕುಡಿತ ಬಿಡಿಸುವ ವಾರ್ಡಿನಲ್ಲಿ ಒಬ್ಬ ರೋಗಿಗೆ ಎಷ್ಟು ಜನ ಬೇಕಾಗುತ್ತಾರೆ ಎಂಬುದು ಹೊರಗಿನವರಿಗೆ ಬೇಗ ತಿಳಿಯುವುದಿಲ್ಲ. ನಡುಕ, ಫಿಟ್ಸ್ ಬಾರದಂತೆ ಔಷಧ ಕೊಡುವ ಮನೋವೈದ್ಯರು, ರಾತ್ರಿಯಿಡೀ ಎಚ್ಚರವಿರುವ ಸಿಸ್ಟರ್, ಕುಡಿಯಬೇಕೆಂಬ ಸೆಳೆತ ಬಂದಾಗ ಏನು ಮಾಡಬೇಕೆಂದು ಕಲಿಸುವ ಮನಶ್ಶಾಸ್ತ್ರಜ್ಞೆ, ಮನೆ, ಸಾಲ, ಕೆಲಸದ ತೊಡಕುಗಳನ್ನು ಬಿಡಿಸುವ ನನ್ನಂಥ ಸಮಾಜ ಕಾರ್ಯಕರ್ತೆ, ತಾವೇ ಕುಡಿತ ಬಿಟ್ಟು ಈಗ ಬೇರೆಯವರಿಗೆ ಆಸರೆಯಾಗಿ ನಿಂತವರು, ಊಟ ಬಡಿಸುವ ಆಯಮ್ಮ. ಉತ್ತರ ಕರ್ನಾಟಕದ ಇಂಥದೊಂದು ಕೇಂದ್ರದಲ್ಲಿ ಬಹಳ ವರ್ಷ ದುಡಿದವಳು ನಾನು. ಅಲ್ಲಿ ನಾನು ಕಂಡ ಜಗಳಗಳಿಗೆ ಸೋಮಾರಿಗಳೋ ಕೆಟ್ಟವರೋ ಕಾರಣರಾಗಿದ್ದು ಬಲು ಕಡಿಮೆ. ಪ್ರತಿಯೊಬ್ಬರೂ ತಮ್ಮ ಕೆಲಸವನ್ನು ಮನಸಿಟ್ಟು ಮಾಡುತ್ತಿರುವಾಗಲೇ ಜಗಳ ಹತ್ತುತ್ತದೆ. ಒಬ್ಬನೇ ರೋಗಿಯನ್ನು ನಾವು ಬೇರೆ ಬೇರೆ ಹೊತ್ತಿನಲ್ಲಿ ನೋಡುತ್ತೇವೆ, ಒಬ್ಬೊಬ್ಬರ ಭಯವೂ ಬೇರೆ. ಡಾಕ್ಟರಿಗೆ ರೋಗಿ ಸತ್ತಾನೆಂಬ ಭಯ, ಸಿಸ್ಟರಿಗೆ ವಾರ್ಡು ಕೈಮೀರೀತೆಂಬ ಭಯ, ನನಗೆ ಮನೆಯವರು ಕೈಬಿಟ್ಟಾರೆಂಬ ಭಯ. ಕುಡಿತ ಬಿಟ್ಟು ಬಂದವರಿಗಂತೂ, ನಾವು ಮೆತ್ತಗಾಗಿ ಈತ ಮತ್ತೆ ಕುಡಿಯಲು ದಾರಿ ಮಾಡಿಕೊಟ್ಟೇವೆಂಬ ಭಯ.

ಒಂದು ಸಂಗತಿ ಹೇಳುತ್ತೇನೆ. ಎಪಿಎಂಸಿಯಲ್ಲಿ ಹಮಾಲಿ ಮಾಡುವ ಒಬ್ಬ ಎರಡನೇ ಸಲ ದಾಖಲಾಗಿದ್ದ. ಮೂರನೇ ದಿನ ಬೆಳಗಿನ ಜಾವ ಅವನ ದಿಂಬಿನ ಕೆಳಗೆ 90 ಎಂ.ಎಲ್. ಟೆಟ್ರಾ ಪ್ಯಾಕೆಟ್ ಸಿಕ್ಕಿತು, ಅರ್ಧ ಖಾಲಿ. ಹಿಂದಿನ ಸಂಜೆ ತಮ್ಮ ತಂದುಕೊಟ್ಟ ಜೋಳದ ರೊಟ್ಟಿಯ ಗಂಟಿನಲ್ಲಿ ಅದು ಒಳಗೆ ಬಂದಿತ್ತು. ಸಿಸ್ಟರ್ ಕಸಿದುಕೊಳ್ಳಲು ಹೋದಾಗ ಅವರನ್ನು ತಳ್ಳಿಬಿಟ್ಟಿದ್ದ. ವಾರ್ಡಿನೊಳಗೆ ಕುಡಿದವರನ್ನು ಅಂದೇ ಡಿಸ್ಚಾರ್ಜ್ ಮಾಡಬೇಕೆಂದು ಗೋಡೆಯ ಮೇಲೆ ನಿಯಮವೇ ಇತ್ತು.

ಬೆಳಗ್ಗೆ ಎಲ್ಲರೂ ಸಿಟ್ಟಾಗಿದ್ದರು. ಸಿಸ್ಟರ್ ಹೇಳಿದ್ದು ನ್ಯಾಯವಾಗಿತ್ತು: ರಾತ್ರಿ ಅವರೊಬ್ಬರೇ, ಗೇಟಿನಲ್ಲಿ ಒಬ್ಬ ವಾಚ್‌ಮನ್. ಇವನನ್ನು ಇಟ್ಟುಕೊಂಡರೆ ಉಳಿದವರಿಗೆ ಏನು ಸಂದೇಶ ಹೋಗುತ್ತದೆ? ನಾವೆಲ್ಲ ಕಾಕಾ ಎಂದು ಕರೆಯುವ, ಕುಡಿತ ಬಿಟ್ಟು ನಮ್ಮ ಜೊತೆ ಕೆಲಸಕ್ಕೆ ನಿಂತ ಹಿರಿಯರು, "ನಾಕ ದಿನ ಹೊರಗ ಬಿದ್ದು ಬರ್ಲಿ, ಆಗ ಬುದ್ಧಿ ಬರತೈತಿ" ಎಂದರು. ಅವರಿಗೆ ಹಾಗೆಯೇ ಬಂದಿತ್ತು, ಅದನ್ನು ಅಲ್ಲಗಳೆಯಲು ನಾವು ಯಾರು? ಡಾಕ್ಟರು ಒಪ್ಪಲಿಲ್ಲ. ಕುಡಿತ ನಿಂತಾಗ ಮೈಯಲ್ಲಿ ಏಳುವ ಹಿಂತೆಗೆತ ಇನ್ನೂ ಮುಗಿದಿಲ್ಲ, ಈಗ ಕಳಿಸಿದರೆ ದಾರಿಯಲ್ಲೇ ಫಿಟ್ಸ್ ಬರಬಹುದು, ಮೇಲಾಗಿ ಔಷಧದ ಜೊತೆ ಹೆಂಡ ಸೇರಿದರೆ ಉಸಿರಾಟಕ್ಕೇ ಅಪಾಯ. ಹೊರಗೆ ಬೆಂಚಿನ ಮೇಲೆ ಕೂತಿದ್ದ ಹೆಂಡತಿ ನನ್ನ ಕೈ ಹಿಡಿದುಕೊಂಡು, "ಅಕ್ಕಾರ, ಇವತ್ತ ಕಳಿಸಬ್ಯಾಡ್ರಿ" ಎಂದಿದ್ದಳು. ನಾನು ಆ ಮಾತನ್ನು ಹೊತ್ತುಕೊಂಡೇ ಮೀಟಿಂಗಿಗೆ ಹೋಗಿದ್ದೆ.

ಆ ಹೊತ್ತಿಗಾಗಲೇ ನಮ್ಮಲ್ಲಿ ಒಂದು ಪದ್ಧತಿ ಬೇರೂರಿತ್ತು. ಯಾರದೇ ಅಭಿಪ್ರಾಯ ಕೇಳುವ ಮೊದಲು ಪ್ರತಿಯೊಬ್ಬರೂ ತಾವು ಕಣ್ಣಾರೆ ಕಂಡದ್ದನ್ನಷ್ಟೇ ಹೇಳಬೇಕು, ಕಿರಿಯರು ಮೊದಲು, ಡಾಕ್ಟರು ಕೊನೆಗೆ. ಮೀಟಿಂಗಿನಲ್ಲಿ ಆ ಸುತ್ತು ಶುರುವಾಯಿತು. ರೋಗಿ ಎರಡು ಹೊತ್ತಿನಿಂದ ರೊಟ್ಟಿ ಮುರಿಯಲಾಗದೆ ಹಾಗೆಯೇ ಬಿಟ್ಟಿದ್ದಾನೆ ಎಂದರು ಆಯಮ್ಮ. ಸಿಸ್ಟರ್ ತಮ್ಮ ಚಾರ್ಟು ತೆರೆದರು. ರಾತ್ರಿ ಮೂರಕ್ಕೆ ಅವನ ಅಂಗಿ ಬೆವರಿನಿಂದ ತೊಯ್ದಿತ್ತು, ಕೈ ನಡುಗುತ್ತಿತ್ತು, "ಗ್ವಾಡಿ ಮ್ಯಾಲ ಇರಬಿ ಹರದಾಡಾಕತ್ತಾವ" ಎಂದು ತೋರಿಸಿದ್ದ. ಗೋಡೆಯ ಮೇಲೆ ಏನೂ ಇರಲಿಲ್ಲ. ಹಿಂತೆಗೆತದ ತೀವ್ರತೆ ಅಳೆಯಲು ನಾವು ಸಿವಾ ಎಂಬ ಮಾಪನ ಬಳಸುತ್ತೇವೆ. ಬೆವರು, ನಡುಕ, ವಾಂತಿ, ಗಾಬರಿ, ಇಲ್ಲದ್ದು ಕಾಣುವುದು ಹೀಗೆ 10 ಅಂಶ, ಗರಿಷ್ಠ 67 ಅಂಕ. ಅವನ ಅಂಕ ಮಧ್ಯರಾತ್ರಿಯಿಂದ ಏರುತ್ತಲೇ ಇತ್ತು.

ಡಾಕ್ಟರು ತಮ್ಮ ಫೈಲು ನೋಡಿ ಸುಮ್ಮನಾದರು. ಹಿಂದಿನ ದಿನದ ರೌಂಡಿನಲ್ಲಿ ಅವನು "ಆರಾಮ ಅದೀನ್ರಿ ಸರ, ಮನಿಗೆ ಕಳಿಸ್ರಿ" ಎಂದಿದ್ದ. ಹಗಲಿನಲ್ಲಿ ನೋಡಿದಾಗ ನಿಜಕ್ಕೂ ಆರಾಮವಾಗಿಯೇ ಕಂಡಿದ್ದ. ಅದನ್ನು ನಂಬಿ, ಹಿಂತೆಗೆತಕ್ಕೆ ಕೊಡುವ ಲಿಬ್ರಿಯಂ ಗುಳಿಗೆಯ ಪ್ರಮಾಣ ಇಳಿಸಲಾಗಿತ್ತು. ಕೊನೆಯ ಗುಟುಕಿನ ನಂತರದ 48ರಿಂದ 72 ಗಂಟೆಗಳ ನಡುವೆಯೇ ಸನ್ನಿ ಹಿಡಿಯುವ ಅಪಾಯ ಹೆಚ್ಚು, ಅದು ನಮಗೆಲ್ಲ ಗೊತ್ತಿದ್ದದ್ದೇ. ಆದರೆ ರಾತ್ರಿಯ ಚಾರ್ಟು ಸಿಸ್ಟರ್ ಮೇಜಿನ ಮೇಲಿರುತ್ತಿತ್ತು, ರೌಂಡಿಗೆ ಹೋಗುತ್ತಿದ್ದದ್ದು ಕೇಸ್ ಫೈಲು ಮಾತ್ರ. ಮೈಯಲ್ಲಿ ಎದ್ದ ನಡುಕಕ್ಕೆ ಅವನು ತನಗೆ ಗೊತ್ತಿದ್ದ ಔಷಧವನ್ನು ತರಿಸಿಕೊಂಡಿದ್ದ.

ಶಿಸ್ತಿನ ಪ್ರಶ್ನೆಯೆಂದು ನಾವು ಅರ್ಧ ಗಂಟೆ ಕಿತ್ತಾಡಿದ್ದರ ಬುಡದಲ್ಲಿ ಎರಡು ಕಡೆ ಇಟ್ಟ ಎರಡು ಕಾಗದಗಳಿದ್ದವು. ಇದು ಆ ಒಂದು ದಿನದ ಕಥೆಯಲ್ಲ. ತಂಡದೊಳಗಿನ ಜಗಳಗಳನ್ನು ಕೆದಕಿದಾಗೆಲ್ಲ ಇಂಥದ್ದೇ ಸಿಕ್ಕಿದೆ: ಒಬ್ಬರಿಗೆ ತಿಳಿದದ್ದು ಇನ್ನೊಬ್ಬರ ಕೈಗೆ ತಲುಪಿರುವುದಿಲ್ಲ. ಹಾಗೆ ತಲುಪದಿದ್ದಾಗ ಎದುರಿನವರ ನಿರ್ಧಾರ ಹಠದಂತೆ, ಅಹಂಕಾರದಂತೆ ಕಾಣುತ್ತದೆ. "ಡಾಕ್ಟರಿಗೆ ನಮ್ಮ ಮಾತು ಲೆಕ್ಕಕ್ಕಿಲ್ಲ" ಎನ್ನುವ ಸಿಸ್ಟರ್, "ಇವರಿಗೆ ಕರುಣೆಯೇ ಇಲ್ಲ" ಎನ್ನುವ ಮನಶ್ಶಾಸ್ತ್ರಜ್ಞೆ, ಇಬ್ಬರನ್ನೂ ನಾನು ಬಲ್ಲೆ. ಇಬ್ಬರೂ ಒಳ್ಳೆಯ ಕೆಲಸಗಾರರು.

ಅವನನ್ನು ಡಿಸ್ಚಾರ್ಜ್ ಮಾಡಲಿಲ್ಲ. ಆದರೆ ಸಿಸ್ಟರ್ ಎತ್ತಿದ ಪ್ರಶ್ನೆಯನ್ನು ಕೈಬಿಡಲೂ ಇಲ್ಲ. ತಳ್ಳಿಸಿಕೊಂಡವರು ಅವರು. ಔಷಧದ ಕಾರಣ ಸಿಕ್ಕಿತೆಂದು ಅದನ್ನು ಮರೆತುಬಿಟ್ಟರೆ ಮುಂದೆ ಯಾರೂ ರಾತ್ರಿ ಪಾಳಿಗೆ ಮನಸ್ಸಿನಿಂದ ಬರುವುದಿಲ್ಲ. ರಾತ್ರಿಗೆ ಇನ್ನೊಬ್ಬ ಅಟೆಂಡರ್ ಬೇಕೆಂದು ಆಡಳಿತದವರಿಗೆ ಡಾಕ್ಟರೇ ಪತ್ರ ಬರೆದರು, ನಾವೆಲ್ಲ ಸಹಿ ಹಾಕಿದೆವು. ಬಂದವರ ಗಂಟು ಗೇಟಿನಲ್ಲೇ ಬಿಚ್ಚಿ ನೋಡುವುದು ಶುರುವಾಯಿತು. ಅಂಕ ಇಷ್ಟು ದಾಟಿದರೆ ಸಿಸ್ಟರ್ ಫೋನ್ ಮಾಡಬೇಕು, ಡ್ಯೂಟಿ ಡಾಕ್ಟರು ಎದ್ದು ಬಂದು ನೋಡಲೇಬೇಕು ಎಂದು ಬರೆದಿಟ್ಟೆವು. ರೋಗಿ ಚೇತರಿಸಿಕೊಂಡ ಮೇಲೆ ಅವನನ್ನು ಸಿಸ್ಟರ್ ಮುಂದೆ ಕೂರಿಸಿ ಮಾತಾಡಿಸಿದವರು ಕಾಕಾ. ಅದು ಅವರಿಂದ ಮಾತ್ರ ಆಗುವ ಕೆಲಸ.

ಕಿರಿಯರು ಮೊದಲು ಎಂಬ ಪದ್ಧತಿಯ ಬಗ್ಗೆ ಇನ್ನೂ ಒಂದೆರಡು ಮಾತು. ನಮ್ಮಲ್ಲಿ ಸಾಹೇಬರು ಬಾಯಿಬಿಟ್ಟ ಮೇಲೆ ಚರ್ಚೆ ಮುಗಿದಂತೆ. ಅದು ಡಾಕ್ಟರ ತಪ್ಪಲ್ಲ, ನಮ್ಮ ಆಸ್ಪತ್ರೆಗಳು, ಕಚೇರಿಗಳು, ಶಾಲೆಗಳು ನಡೆಯುವುದೇ ಹಾಗೆ. ಆಯಮ್ಮನನ್ನು ಮೀಟಿಂಗಿಗೆ ಕರೆದಾಗ ಮೊದಮೊದಲು ಅವರು ಬಾಗಿಲ ಬಳಿಯೇ ನಿಲ್ಲುತ್ತಿದ್ದರು. ಕುರ್ಚಿ ಕೊಟ್ಟರೂ ಕೂರುತ್ತಿರಲಿಲ್ಲ. ನಾವು ಮನೋವೈದ್ಯರಿಗೆ ವಿನಂತಿ ಮಾಡಿಕೊಂಡು, ಅವರೇ ದಿನಾ "ಆಯಮ್ಮ, ನೀವು ಹೇಳ್ರಿ" ಎಂದು ಕೇಳುವಂತೆ ಮಾಡಿದ ಮೇಲೆ ಮಾತು ಬಂತು. ಮೇಲಿನವರು ಕೇಳದೆ ಕೆಳಗಿನವರು ಹೇಳುವುದಿಲ್ಲ. ಇದನ್ನು ಸರಿಪಡಿಸುವ ಹೊಣೆ ಮೇಲಿನವರದೇ ಎಂಬುದು ನನ್ನ ಗಟ್ಟಿ ನಂಬಿಕೆ.

ಜಗಳ ಕಾರಿಡಾರಿಗೆ ಬಂದರೆ ಅದು ರೋಗಿಯ ಪಾಲಾಗುತ್ತದೆ. "ಸಿಸ್ಟರ್ ಬಿಡಂಗಿಲ್ಲ ಅಂತಾರ, ಡಾಕ್ಟರ್ ಬಿಡತೇನಂದಾರ" ಎಂಬ ಮಾತು ವಾರ್ಡಿನಲ್ಲಿ ದಿನವೂ ಕೇಳುತ್ತದೆ. ಇದನ್ನು ರೋಗಿಯ ಕುತಂತ್ರ ಎಂದು ಬೈಯುವವರಿದ್ದಾರೆ. ವರ್ಷಗಟ್ಟಲೆ ಕುಡಿತಕ್ಕಾಗಿ ಹೆಂಡತಿಗೊಂದು, ಮಾಲೀಕನಿಗೊಂದು ಹೇಳಿ ದಿನ ನೂಕಿದವನು ಇಲ್ಲಿಯೂ ಹಾಗೆ ಮಾಡುವುದರಲ್ಲಿ ನನಗೆ ಆಶ್ಚರ್ಯವಿಲ್ಲ. ಬಿರುಕು ಮುಚ್ಚಿಕೊಳ್ಳಬೇಕಾದವರು ನಾವು. ಒಳಗೆ ಎಷ್ಟೇ ಜೋರಾಗಿ ಕಿತ್ತಾಡಿದರೂ ರೋಗಿಯ ಮುಂದೆ ಹೋಗುವ ಮಾತು ಒಂದೇ ಇರಬೇಕು. ಒಪ್ಪದವರು ತಮ್ಮ ಭಿನ್ನಾಭಿಪ್ರಾಯವನ್ನು ಫೈಲಿನಲ್ಲಿ ಬರೆಯಲಿ. ಬರೆದಿಟ್ಟರೆ ಅವರ ಮನಸ್ಸೂ ಹಗುರಾಗುತ್ತದೆ, ಮುಂದೊಂದು ದಿನ ಅವರು ಹೇಳಿದ್ದೇ ಸರಿಯೆಂದು ಕಂಡರೆ ತಿದ್ದಿಕೊಳ್ಳಲು ಆಧಾರವೂ ಇರುತ್ತದೆ.

ಔಷಧವೋ ಸತ್ಸಂಗವೋ ಎಂಬ ಜಗಳ ಇನ್ನೊಂದು ಬಗೆಯದು, ಇದು ಮಾಹಿತಿಯಿಂದ ಮಾತ್ರ ತೀರುವುದಿಲ್ಲ. ಕಾಕಾ, ಕುಡಿತ ಬಿಟ್ಟವರ ಸಂಘವಾದ ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಸಭೆಗಳಿಂದ ಬದುಕಿದವರು. ಕುಡಿತದ ಸೆಳೆತ ತಗ್ಗಿಸುವ ನಾಲ್ಟ್ರೆಕ್ಸೋನ್ ಬರೆದರೆ "ಮನಸ್ಸು ಗಟ್ಟಿ ಮಾಡೋದು ಬಿಟ್ಟು ಗುಳಗಿ ಕೊಡತೀರಿ" ಎನ್ನುತ್ತಿದ್ದರು. ಅಫೀಮು ಜಾತಿಯ ಚಟದವರಿಗೆ ಬುಪ್ರೆನಾರ್ಫಿನ್ ಕೊಡುವುದಂತೂ ಅವರಿಗೆ ಒಂದು ಅಮಲು ಬಿಡಿಸಿ ಇನ್ನೊಂದು ಅಮಲಿಗೆ ಕಟ್ಟಿಹಾಕಿದಂತೆ. ಯುವ ಡಾಕ್ಟರೊಬ್ಬರು ಸಂಶೋಧನೆಗಳನ್ನು ಮುಂದಿಟ್ಟು ವಾದಿಸಿದರು. ಪ್ರಯೋಜನವಾಗಲಿಲ್ಲ. ವಾದಿಸಿದಷ್ಟೂ ಕಾಕಾ ತಮ್ಮ ಬದುಕನ್ನೇ ಯಾರೋ ಸುಳ್ಳೆನ್ನುತ್ತಿದ್ದಾರೆಂದು ನೊಂದರು.

ಅವರನ್ನು ಮೆತ್ತಗಾಗಿಸಿದ್ದು ಅವರದೇ ಸಂಘದ ಸಂಗತಿಗಳು. 1935ರಲ್ಲಿ ಅಮೆರಿಕದ ಆ್ಯಕ್ರನ್ ಊರಿನಲ್ಲಿ ಅದು ಹುಟ್ಟಿದಾಗ ಇಬ್ಬರು ಸ್ಥಾಪಕರಲ್ಲಿ ಒಬ್ಬರು ಶಸ್ತ್ರವೈದ್ಯರು. ಔಷಧದ ವಿಷಯದಲ್ಲಿ ಸದಸ್ಯರು ತಾವೇ ಡಾಕ್ಟರಾಗಬಾರದೆಂದು ಸಂಘವೇ ತನ್ನವರಿಗೆ ಹೇಳಿದೆ. ಹಿರಿಯ ಮನೋವೈದ್ಯರು ಇದನ್ನು ಎಲ್ಲರ ಮುಂದೆ ಹೇಳದೆ, ಕಾಕಾ ಜೊತೆ ಚಹಾ ಕುಡಿಯುತ್ತ ಹೇಳಿದರು. ಜೊತೆಗೆ, ಗುಳಿಗೆ ತೆಗೆದುಕೊಂಡು ಮನೆಗೆ ಹೋದವನ ಸಂಜೆಗಳನ್ನು ತಮ್ಮಿಂದ ತುಂಬಲಾಗದು, ಅದಕ್ಕೆ ನಿಮ್ಮ ಸಭೆಯೇ ಬೇಕು ಎಂದೂ ಹೇಳಿದರು. ಅದು ಸಮಾಧಾನಕ್ಕೆ ಆಡಿದ ಮಾತಲ್ಲ. ಕಾಕಾ ಇಂದಿಗೂ ಪೂರ್ತಿ ಒಪ್ಪಿಲ್ಲ. ಆದರೆ ಗುಳಿಗೆ ನಿಲ್ಲಿಸೆಂದು ಯಾರಿಗೂ ಹೇಳುವುದಿಲ್ಲ, ಡಾಕ್ಟರು ಹೇಳಿದ್ದನ್ನು ಡಾಕ್ಟರನ್ನೇ ಕೇಳು ಎನ್ನುತ್ತಾರೆ. ಒಂದು ತಂಡಕ್ಕೆ ಇಷ್ಟು ಸಾಕು. ಎಲ್ಲರ ನಂಬಿಕೆಯೂ ಒಂದೇ ಆಗಬೇಕಿಲ್ಲ.

ಕೆಲವು ವಿಷಯಗಳನ್ನು ಮಾತ್ರ ಚರ್ಚೆಗೆ ಬಿಡಲೇಬಾರದು. ಒಬ್ಬ ತಾಯಿ, ಮಗನಿಗೆ ಗೊತ್ತಾಗದಂತೆ ಸಾರಿನಲ್ಲಿ ಬೆರೆಸಿ ಕೊಡಲು ಗುಳಿಗೆ ಕೇಳಿದಳು. ಬಸ್‌ಸ್ಟ್ಯಾಂಡಿನ ಗೋಡೆಗಳ ಮೇಲೆ ಅಂಥ ಜಾಹೀರಾತು ನೋಡಿಯೇ ಬಂದಿದ್ದಳು. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಗುಳಿಗೆ ತೆಗೆದುಕೊಂಡವನು ಕುಡಿದರೆ ಮೈ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಕುತ್ತು ಬರಬಹುದು. ಗುಳಿಗೆ ನಿಲ್ಲಿಸಿದ ಮೇಲೂ ಸುಮಾರು ಎರಡು ವಾರ ಆ ಅಪಾಯ ಇರುತ್ತದೆ. ತಾಯಿಯ ಗೋಳು ನೋಡಿ ನಮ್ಮಲ್ಲೇ ಇಬ್ಬರಿಗೆ ಮನಸ್ಸು ಕರಗಿತ್ತು. ಡಾಕ್ಟರು ಒಂದೇ ಮಾತಿನಲ್ಲಿ ಇಲ್ಲವೆಂದರು, ಸರಿಯಾಗಿಯೇ ಹೇಳಿದರು. ಕೂಡಿಹಾಕುವ ವಿಷಯವೂ ಹಾಗೆಯೇ: 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ವ್ಯಾಪ್ತಿಗೆ ಮದ್ಯ, ಮಾದಕ ವ್ಯಸನದ ತೊಂದರೆಗಳೂ ಸೇರುತ್ತವೆ, ರೋಗಿಯನ್ನು ಒಂಟಿಯಾಗಿ ಕೂಡಿಹಾಕುವುದನ್ನು ಅದು ನಿಷೇಧಿಸಿದೆ. "ಎರಡು ತಾಸು ಆ ರೂಮಿನ್ಯಾಗ ಹಾಕ್ರಿ, ಶಾಂತ ಆಗ್ತಾನ" ಎಂದು ಹಳಬರೊಬ್ಬರು ಹೇಳಿದಾಗ ಅಲ್ಲಿ ಬಹುಮತ ಕೇಳುವ ಪ್ರಶ್ನೆಯೇ ಬರುವುದಿಲ್ಲ. ಯಾವುದು ಎಲ್ಲರೂ ಕೂತು ತೀರ್ಮಾನಿಸುವುದು, ಯಾವುದು ಕಾನೂನೂ ಜೀವರಕ್ಷಣೆಯೂ ಮೊದಲೇ ತೀರ್ಮಾನಿಸಿರುವುದು ಎಂದು ಹೊಸಬರು ಸೇರಿದ ವಾರದಲ್ಲೇ ಹೇಳಿಬಿಟ್ಟರೆ ಅರ್ಧ ಮನಸ್ತಾಪ ಹುಟ್ಟುವುದೇ ಇಲ್ಲ.

ನಾವು ಇನ್ನೂ ತೀರಿಸಿಕೊಳ್ಳಲಾಗದ ಜಗಳ ಹಾಸಿಗೆಗಳದ್ದು. ಮತ್ತೆ ಮತ್ತೆ ಕುಡಿದು ಬರುವವನಿಗೆ ಮತ್ತೆ ಹಾಸಿಗೆ ಕೊಡಬೇಕೋ, ಮೊದಲ ಸಲ ಬಂದು ಹೊರಗೆ ಕಾಯುತ್ತಿರುವವನಿಗೋ? ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿದೆ, ಆಸ್ಪತ್ರೆಗೆ ಸೇರಿ ಚಿಕಿತ್ಸೆ ಪಡೆದವರು 180ಕ್ಕೆ ಒಬ್ಬರು. ಮರುಕಳಿಸುವುದು ಈ ಕಾಯಿಲೆಯ ಸ್ವಭಾವ, ಹಾಗೆಂದು ಹಳಬನನ್ನು ತಳ್ಳುವಂತಿಲ್ಲ ಎನ್ನುತ್ತಾರೆ ಮನಶ್ಶಾಸ್ತ್ರಜ್ಞೆ. ಹೊಸಬನ ಮನೆಯಲ್ಲಿ ಇನ್ನೂ ಎಲ್ಲ ಉಳಿದಿದೆ, ಈಗಲೇ ಹಿಡಿದರೆ ಉಳಿಸಬಹುದು ಎನ್ನುತ್ತಾರೆ ಸಿಸ್ಟರ್. ನಾನು ಹಳಬನ ಕಡೆ. ಅವನ ಹೆಂಡತಿ ಮಕ್ಕಳನ್ನು ಬಲ್ಲೆ, ನನ್ನ ವಾದಕ್ಕೆ ಅದೂ ಒಂದು ಕಾರಣವೆಂದು ಮೀಟಿಂಗಿನಲ್ಲಿ ಹೇಳಿದ್ದೇನೆ. ಮಧ್ಯದಲ್ಲಿ ಡಾಕ್ಟರು ಒಂದು ದಾರಿ ಸೂಚಿಸಿದ್ದಾರೆ: ನಡುಕ ಕಡಿಮೆಯಿರುವ, ಮನೆಯಲ್ಲಿ ನೋಡಿಕೊಳ್ಳುವವರಿರುವ ಹಳಬರಿಗೆ ದಿನಾ ಬಂದು ಹೋಗುವ ಚಿಕಿತ್ಸೆ, ಹಾಸಿಗೆ ಹೊಸಬರಿಗೆ. ಯಾರ ಮನೆಯಲ್ಲಿ ನೋಡಿಕೊಳ್ಳುವವರಿದ್ದಾರೆ ಎಂದು ತಿಳಿಯಲು ಮನೆಗಳಿಗೆ ಹೋಗಬೇಕು. ಆ ಪಟ್ಟಿ ಮಾಡುವ ಕೆಲಸವನ್ನು ಕಾಕಾ ಮತ್ತು ನಾನು ಹಂಚಿಕೊಂಡಿದ್ದೇವೆ. ಸಿಸ್ಟರ್ ತಮ್ಮ ರಜೆಯ ದಿನ ಜೊತೆಗೆ ಬರುತ್ತೇನೆಂದಿದ್ದಾರೆ.